ಅಮ್ಮ ಕೇಳಿದ ಫೋಟೋ

ಕಳೆದ ವರ್ಷ ನಮ್ಮ ಮನೆಗೆ ಸುಣ್ಣ ಬಳಿಸಿದೆವು. ಗೋಡೆಯ ಮೇಲಿದ್ದ ಫೋಟೋಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಒಂದೊಂದಾಗಿ ಮೊಳೆಗೆ ಹಾಕುತ್ತಿದ್ದಾಗ ಒಂದು ಮೊಳೆ ಖಾಲಿ ಉಳಿಯಿತು. ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅಮ್ಮ, "ಅಲ್ಲಿಗೆ ನಮ್ಮ ಹಳ್ಳಿ ಮನೆ ಫೋಟೋ ಒಂದು ಹಾಕಿಸಿಬಿಡೋ ಮಗ. ಕಣ್ಣು ಕಾಣೋ ಹೊತ್ನಲ್ಲೇ ಒಂದ್ಸಲ ನೋಡ್ಕೊಂತೀನಿ" ಅಂದಳು.

ಅಮ್ಮನಿಗೆ ಈಗ ಎಂಬತ್ತಾರು. ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಕೇಳಿದ್ದೂ ದೊಡ್ಡದೇನಲ್ಲ, ಒಂದು ಫೋಟೋ. ನಮ್ಮ ಅಪ್ಪ 1962ರಿಂದ ಹೊಸೂರಿನಲ್ಲಿ ಫೋಟೋ ಸ್ಟುಡಿಯೋ ನಡೆಸಿದವರು. ಅವರ ನಂತರ ನಾನು 2009ರವರೆಗೆ ಅದನ್ನೇ ನಡೆಸಿದೆ. ಸುತ್ತಮುತ್ತಲ ಎಷ್ಟೋ ಕುಟುಂಬಗಳ ಮದುವೆ, ನಾಮಕರಣ, ಮೊದಲ ಪರಮಪ್ರಸಾದದ ಫೋಟೋಗಳು ನಮ್ಮ ಕೈಯಿಂದಲೇ ಆದವು. "ಆಯ್ತಮ್ಮ, ನಾಳೆನೇ ಹುಡುಕ್ತೀನಿ" ಅಂದುಬಿಟ್ಟೆ.

ಮಾರನೆಯ ದಿನ ಹುಡುಕಿದೆ. ಅದರ ಮಾರನೆಯ ದಿನವೂ ಹುಡುಕಿದೆ. ನಮ್ಮ ಹಳ್ಳಿ ಮನೆಯ ಒಂದು ಫೋಟೋವೂ ಇರಲಿಲ್ಲ.

ಈ ಮಾತನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಯಾಕೆಂದರೆ ಮನೆಯೊಂದರ ಫೋಟೋ ಹೇಗೆ ತೆಗೆಯಬೇಕು ಎಂಬುದನ್ನು ಅಪ್ಪ ನನಗೆ ಹನ್ನೊಂದನೇ ವಯಸ್ಸಿನಲ್ಲೇ ಕಲಿಸಿದ್ದರು. ಕಲಿಸಿದ್ದು ಮಾತ್ರ ಬೇರೆಯವರ ಮನೆಯ ಮುಂದೆ ನಿಂತು.

ಅದು 1974ರ ಮಾತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಬ್ರೆಟ್ ದೊರೆಯ ಬಂಗಲೆ ನೋಡಲು ಕರೆದುಕೊಂಡು ಹೋದರು. ಹೊಸೂರಿನ ಹಳಬರಿಗೆ ಆ ಹೆಸರು ಗೊತ್ತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸೇಲಂ ಜಿಲ್ಲೆಗೆ ಕಲೆಕ್ಟರ್ ಆಗಿದ್ದ ಬ್ರೆಟ್ ಎಂಬ ಇಂಗ್ಲಿಷ್ ಅಧಿಕಾರಿ ಇಲ್ಲಿ ಕಟ್ಟಿಸಿದ ದೊಡ್ಡ ಮನೆ ಅದು. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮೂರಿನ ಹವೆ ಸೇಲಂ ಬಿಸಿಲಿಗೆ ಬೆಂದ ಬಿಳಿಯ ಅಧಿಕಾರಿಗಳಿಗೆ ಹಿತವಾಗಿತ್ತು. ಇಂಗ್ಲೆಂಡಿನ ವಾರ್ವಿಕ್‌ಶೈರ್ ಪ್ರಾಂತ್ಯದಲ್ಲಿ ಕೆನಿಲ್ವರ್ತ್ ಎಂಬ ಕೋಟೆಮನೆ ಇದೆ. ಅದರ ಮಾದರಿಯಲ್ಲೇ ಈ ರಾಗಿ ಸೀಮೆಯ ನಡುವೆ ಬ್ರೆಟ್ ತನ್ನ ಮನೆ ಎಬ್ಬಿಸಿದ. ಮದುವೆಯಾಗಬೇಕಿದ್ದ ಹೆಣ್ಣು 'ಅಂಥ ಅರಮನೆ ಇದ್ದರೆ ಮಾತ್ರ ಬರುತ್ತೇನೆ' ಎಂದಳು, ಅದಕ್ಕೇ ಕಟ್ಟಿಸಿದ ಎಂಬುದು ಊರಿನಲ್ಲಿ ಹೇಳುವ ಕಥೆ. ಆ ಕಥೆಯನ್ನು ಅಪ್ಪ ನನಗೆ ಸೈಕಲ್ ತುಳಿಯುತ್ತಲೇ ಹೇಳಿದರು.

ನಾನು ಅರಮನೆ ನೋಡುತ್ತೇನೆಂದು ಹೋದೆ. ಅಲ್ಲಿದ್ದದ್ದು ಮುರಿದ ಗೋಡೆ, ಮುಳ್ಳುಪೊದೆ, ಮೇಯುವ ಆಡುಗಳು. ಅಪ್ಪ ಹೆಗಲಿನಿಂದ ಯಾಶಿಕಾ ಕ್ಯಾಮೆರಾ ಇಳಿಸಿದರು. ಎರಡು ಕಣ್ಣಿನ ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನೊಳಗೆ ನೋಡಬೇಕು. ಎಡ ಬಲವಾಗಿ ಕಾಣುತ್ತದೆ, ಬಲ ಎಡವಾಗಿ ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಫೋಟೋ. ನಾನು ಗೋಡೆಯ ಹತ್ತಿರ ಓಡಿ, "ಇಲ್ಲಿಂದ ತೆಗೀರಿ ಅಪ್ಪ, ದೊಡ್ಡದಾಗಿ ಕಾಣ್ಸುತ್ತೆ" ಅಂದೆ.

ಅಪ್ಪ ಗದರಲಿಲ್ಲ. ನನ್ನ ಕೈಗೇ ಕ್ಯಾಮೆರಾ ಕೊಟ್ಟು ನೋಡಲು ಹೇಳಿದರು. ಗೋಡೆಯ ತುದಿ ಕಾಣಲೆಂದು ಕ್ಯಾಮೆರಾ ಮೇಲಕ್ಕೆತ್ತಿದೆ. ಗಾಜಿನೊಳಗೆ ಗೋಡೆಗಳೆಲ್ಲ ಮೇಲೆ ಹೋದಂತೆ ಒಂದರ ಕಡೆಗೊಂದು ವಾಲಿದವು. ಇಡೀ ಕಟ್ಟಡ ಹಿಂದಕ್ಕೆ ಬೀಳುವಂತೆ ಕಂಡಿತು. "ಕ್ಯಾಮೆರಾ ತಲೆ ಎತ್ತಿದರೆ ಮನೆ ಹಿಂದಕ್ಕೆ ಬೀಳುತ್ತೆ. ಕ್ಯಾಮೆರಾ ನೆಟ್ಟಗಿದ್ದರೆ ಮನೆ ನೆಟ್ಟಗೆ ನಿಲ್ಲುತ್ತೆ. ತುದಿ ಕಾಣಲಿಲ್ಲವಾ? ಹಿಂದಕ್ಕೆ ನಡಿ" ಅಂದರು.

ನಡೆದೆವು. ಆ ಹೊಲ, ಈ ಹೊಲ ದಾಟಿ ಒಂದು ದಿಣ್ಣೆಯ ಮೇಲೆ ಹತ್ತಿ ನಿಂತೆವು. ಅಲ್ಲಿಂದ ನೋಡಿದರೆ ದೊರೆಯ ಬಂಗಲೆ ಬೆಂಕಿಪೊಟ್ಟಣದಷ್ಟಿತ್ತು. ಮುಂದೆ ರಾಗಿ ಹೊಲ, ಒಂದು ಕಾಲುದಾರಿ, ಅದರಲ್ಲಿ ಹುಲ್ಲುಹೊರೆ ಹೊತ್ತ ಹೆಂಗಸು, ಹಿಂದೆ ನೀಲಿಯಾದ ಬೆಟ್ಟಸಾಲು. ನನಗೆ ನಿರಾಸೆಯಾಯಿತು. "ಮನೆ ಇಷ್ಟೇ ಆಗೋಯ್ತಲ್ಲಪ್ಪ!" ಅಂದೆ.

"ಹತ್ತಿರ ನಿಂತರೆ ಗೋಡೆ ಕಾಣುತ್ತೆ. ದೂರ ನಿಂತರೆ ಮನೆ ಎಲ್ಲಿದೆ ಅಂತ ಕಾಣುತ್ತೆ" ಅಂದರು ಅಪ್ಪ. ನೆತ್ತಿಯ ಮೇಲಿದ್ದ ಸೂರ್ಯ ಪಕ್ಕಕ್ಕೆ ಇಳಿಯಲಿ ಎಂದು ನಾಲ್ಕೂವರೆವರೆಗೆ ಕಾಯಿಸಿದರು. ಬೆಳಕು ಎದುರಿನಿಂದ ನೇರವಾಗಿ ಬಿದ್ದರೆ ಮನೆ ಕಾಗದದ ಹಾಗೆ ಚಪ್ಪಟೆ. ಪಕ್ಕದಿಂದ ಬಿದ್ದರೆ ಕಿಟಕಿಗೊಂದು ಆಳ, ಕಂಬಕ್ಕೊಂದು ನೆರಳು ಬರುತ್ತದೆ. ಅಂದು ಅಪ್ಪ ತೆಗೆದದ್ದು ಎರಡೇ ಫೋಟೋ.

ಎಷ್ಟೋ ವರ್ಷಗಳ ನಂತರ ಓದಿ ತಿಳಿದುಕೊಂಡ ಒಂದು ಸಂಗತಿ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಬ್ರೆಟ್ ನಕಲು ಮಾಡಿದ ಆ ಇಂಗ್ಲೆಂಡಿನ ಕೆನಿಲ್ವರ್ತ್ ಇದೆಯಲ್ಲ, ಅದೂ ಆ ಹೊತ್ತಿಗೆ ಪಾಳು ಬಿದ್ದು ಇನ್ನೂರು ವರ್ಷವಾಗಿತ್ತು! ಹನ್ನೆರಡನೇ ಶತಮಾನದಲ್ಲಿ ಶುರುವಾದ ಕೋಟೆ ಅದು. 1575ರಲ್ಲಿ ಮೊದಲನೇ ಎಲಿಜಬೆತ್ ರಾಣಿ ಅಲ್ಲಿ ಹತ್ತೊಂಬತ್ತು ದಿನ ಅತಿಥಿಯಾಗಿದ್ದಳು. ಸುತ್ತಲೂ ಒಂದು ದೊಡ್ಡ ಕೆರೆಯೇ ಇತ್ತು. ಮುಂದೆ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವಾಯಿತು. ಗೆದ್ದ ಪಾರ್ಲಿಮೆಂಟಿನವರು 1649ರ ಸುಮಾರಿಗೆ ಕೋಟೆಯನ್ನು ಕೆಡವಿದರು, ಕೆರೆಯನ್ನೂ ಬರಿದು ಮಾಡಿದರು. 1821ರಲ್ಲಿ ವಾಲ್ಟರ್ ಸ್ಕಾಟ್ ಅದೇ ಹೆಸರಿನ ಕಾದಂಬರಿ ಬರೆದ ಮೇಲೆ ಆ ಪಾಳು ಗೋಡೆಗಳನ್ನು ನೋಡಲು ಜನ ಮುಗಿಬಿದ್ದರು. ಬಿದ್ದುಹೋದ ಮನೆಯನ್ನು ಆಸೆಪಟ್ಟು ಕಡಲಾಚೆ ಮತ್ತೆ ಕಟ್ಟಿದರು, ಅದೂ ಬಿತ್ತು. ಇಂದು ಹೊಸೂರಿನಲ್ಲಿ ತೋರಿಸಲು ಉಳಿದಿರುವುದು ಅವಶೇಷ ಮಾತ್ರ. ನಾವು ಅಂದು ನಿಂತಿದ್ದ ದಿಣ್ಣೆ, ದಾಟಿ ಬಂದ ಹೊಲ ಎಲ್ಲವೂ ಈಗ ಬಡಾವಣೆಯೊಳಗೆ ಸೇರಿಹೋಗಿವೆ. ಅಪ್ಪನ ಫೋಟೋದಲ್ಲಿ ಮಾತ್ರ ಅವು ಇವೆ.

ಮನೆಗೂ ಕ್ಯಾಮೆರಾಕ್ಕೂ ನಂಟು ಬಲು ಹಳೆಯದು. ಈಗ ಉಳಿದಿರುವ ಅತಿ ಹಳೆಯ ಫೋಟೋ ನೆಗೆಟಿವ್ ಒಂದು ಹಳ್ಳಿಗಾಡಿನ ದೊಡ್ಡ ಮನೆಯ ಕಿಟಕಿಯದೇ. 1835ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಅವರು ಲೇಕಾಕ್ ಎಂಬ ಊರಿನ ತಮ್ಮ ಮನೆಯಲ್ಲಿ ಅದನ್ನು ತೆಗೆದರು. ಅಂಚೆಚೀಟಿಯಷ್ಟೇ ದೊಡ್ಡದು. ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಮನೆ ನಮ್ಮದು ಎಂದು ಅವರು ಹೆಮ್ಮೆಪಟ್ಟುಕೊಂಡಿದ್ದರು. ಆ ಮನೆ ಹದಿಮೂರನೇ ಶತಮಾನದಲ್ಲಿ ಕನ್ಯಾಮಠವಾಗಿ ಹುಟ್ಟಿದ್ದು ಎಂದು ಓದಿದಾಗ ನನಗೆ ಸಂತೋಷವಾಯಿತು. ಸಿಸ್ಟರುಗಳು ಪ್ರಾರ್ಥನೆ ಮಾಡುತ್ತಿದ್ದ ಗೋಡೆಗಳೇ ಮುಂದೆ ಫೋಟೋಗ್ರಫಿಗೂ ತೊಟ್ಟಿಲಾದವು.

ನಮ್ಮ ಸೀಮೆಯೂ ಹಿಂದೆ ಬಿದ್ದಿಲ್ಲ. ಮದ್ರಾಸ್ ಸರ್ಕಾರದ ಫೋಟೋಗ್ರಾಫರ್ ಆಗಿದ್ದ ಕ್ಯಾಪ್ಟನ್ ಲಿನಿಯಸ್ ಟ್ರೈಪ್ ನಮ್ಮ ರಾಯಕೋಟೆಗೆ ಬಂದು ಫೋಟೋ ತೆಗೆದರು. ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಜಾಗಗಳ ಆ ಚಿತ್ರಗಳು 1858ರಲ್ಲಿ ಒಂದು ಸಂಪುಟವಾಗಿ ಹೊರಬಂದವು. ಆಗ ಫಿಲ್ಮ್ ಇರಲಿಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್. ಆ ಕಾಗದದಲ್ಲಿ ಆಕಾಶ ಬರಿ ಬೆಳ್ಳಗೆ ಬರುತ್ತಿತ್ತು, ಮೋಡ ನಿಲ್ಲುತ್ತಿರಲಿಲ್ಲ. ಅದಕ್ಕೆ ಟ್ರೈಪ್ ನೆಗೆಟಿವ್ ಮೇಲೆ ಕೈಯಿಂದಲೇ ಬಣ್ಣ ಹಚ್ಚಿ ಮೋಡ ಮೂಡಿಸುತ್ತಿದ್ದರು. ಅಷ್ಟು ಕಷ್ಟಪಟ್ಟು, ದೊಡ್ಡ ಕ್ಯಾಮೆರಾ ಹೊರಿಸಿಕೊಂಡು ಬಂದು ಒಬ್ಬರು ನಮ್ಮ ಬೆಟ್ಟದ ಚಿತ್ರ ಹಿಡಿದಿಟ್ಟರು. ನಮಗೆ ನಮ್ಮ ಮನೆಯ ಚಿತ್ರ ಹಿಡಿಯಲು ಹೊಸಿಲು ದಾಟಿ ಅಂಗಳಕ್ಕೆ ಬಂದರೆ ಸಾಕಿತ್ತು.

ಅಪ್ಪ ಯಾಕೆ ಹಿಡಿಯಲಿಲ್ಲ? ಒಮ್ಮೆ ನಾನು ಕೇಳಿದ್ದೂ ಉಂಟು. "ಮನೆ ಎಲ್ಲಿಗೆ ಹೋಗುತ್ತೆ? ಫಿಲ್ಮ್ ದಂಡ" ಅಂದಿದ್ದರು. ದೊರೆಯ ಮನೆ ಬೀಳುತ್ತಿತ್ತು, ಅದಕ್ಕೆ ಎರಡು ಫಿಲ್ಮ್ ಖರ್ಚು ಮಾಡಿದರು. ನಮ್ಮದು ಗಟ್ಟಿಯಾಗಿ ನಿಂತಿತ್ತು, ಅದಕ್ಕೆ ಒಂದೂ ಇಲ್ಲ.

ತಳಿ ರಸ್ತೆಯ ಕಡೆಗಿನ ಒಂದು ಹಳ್ಳಿಯಲ್ಲಿ ಆ ಮನೆಯಿತ್ತು. ಅರಮನೆಯಲ್ಲ, ಆದರೆ ಆ ಊರಿಗೆ ಅದೇ ದೊಡ್ಡಮನೆ. ತೊಟ್ಟಿ ಮನೆ, ನಾಡಹೆಂಚು, ಎದುರಿಗೆ ಉದ್ದ ಜಗಲಿ, ಪಕ್ಕದಲ್ಲಿ ಹುಣಸೆಮರ, ಹಿಂದೆ ಕಣ. ತಾತ ಕಟ್ಟಿಸಿದ್ದು. ಅಮ್ಮ ಹತ್ತೊಂಬತ್ತನೇ ವಯಸ್ಸಿಗೆ ಸೊಸೆಯಾಗಿ ಆ ಹೊಸಿಲು ತುಳಿದವಳು. ನಾವು ಹೊಸೂರಿಗೆ ಬಂದ ಮೇಲೂ ಸುಗ್ಗಿಗೆ, ಹಬ್ಬಕ್ಕೆ, ರಜೆಗೆ ಅಲ್ಲಿಗೇ ಹೋಗುತ್ತಿದ್ದೆವು.

1996ರಲ್ಲಿ ಆ ಮನೆಯನ್ನು ಮಾರಿಸಿದವನು ನಾನೇ. ಚಿಕ್ಕಪ್ಪಂದಿರಿಗೆ ಪಾಲು ಬೇಕಿತ್ತು, ನನಗೆ ಹೊಸೂರಿನಲ್ಲಿ ಸೈಟು ಬೇಕಿತ್ತು. ಅಪ್ಪನ ಮನಸ್ಸು ಒಪ್ಪಿರಲಿಲ್ಲ. ನಾನೇ ಹಗಲೂ ರಾತ್ರಿ ಹೇಳಿ ಹೇಳಿ ಒಪ್ಪಿಸಿದೆ. ಅಡ್ವಾನ್ಸ್ ಕೊಡುವ ದಿನ ಕೊಳ್ಳುವವರು ಜಗಲಿಯ ಮೇಲೆ ಕುಳಿತಿದ್ದರು. ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. ಅಪ್ಪ ಅವರ ಕೈ ಕುಲುಕುವ ಫೋಟೋ ತೆಗೆದೆ, ಫ್ಲ್ಯಾಶ್ ಹಾಕಿ, ಹತ್ತಿರದಿಂದ. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಮನೆ ಪೂರ್ತಿ ಬರುತ್ತಿತ್ತು. ಇಡಲಿಲ್ಲ. ಆರು ತಿಂಗಳಲ್ಲಿ ಮನೆ ನೆಲಸಮವಾಯಿತು. ಹುಣಸೆಮರವೂ ಹೋಯಿತು. ಅಪ್ಪ 2001ರಲ್ಲಿ ತೀರಿಕೊಂಡರು. ಅವರು ಆ ಮನೆಯ ಮಾತನ್ನು ಮತ್ತೆ ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಹೊಸೂರಿನ ಹತ್ತಿರ ತೊರಪಳ್ಳಿ ಇದೆ. 1878ರಲ್ಲಿ ರಾಜಾಜಿಯವರು ಹುಟ್ಟಿದ ಊರು. ಅವರು ಹುಟ್ಟಿದ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ಹೆಂಚಿನ ಚಿಕ್ಕ ಮನೆ. ಕಲೆಕ್ಟರ್ ದೊರೆಯ ಕೋಟೆಮನೆ ಬಿತ್ತು, ಈ ಚಿಕ್ಕ ಮನೆ ಉಳಿಯಿತು. ಮನೆ ಉಳಿಯುವುದು ಅದರ ಗಾತ್ರದಿಂದಲ್ಲ, ಅದು ಬೇಕು ಅನ್ನುವವರು ಇರುವುದರಿಂದ. ಆದರೆ ಎಲ್ಲರ ಮನೆಯನ್ನೂ ಸರ್ಕಾರ ಕಾಯಲಾರದು. ನಮ್ಮನಮ್ಮ ಮನೆಗಳನ್ನು ನಾವೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಅಮ್ಮನ ಫೋಟೋಗಾಗಿ ನಾನು ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿಗಳನ್ನೆಲ್ಲ ಇಳಿಸಿದೆ. ಅಪ್ಪನ ಹಳೆಯ ನೆಗೆಟಿವ್‌ಗಳು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವು ಡಬ್ಬಿ ತೆರೆದರೆ ವಿನೆಗರ್ ವಾಸನೆ. ಹಳೆಯ ಫಿಲ್ಮ್ ಒಳಗೊಳಗೇ ಕೆಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಹೋದೆ. ಮನೆ ಚೂರು ಚೂರಾಗಿ ಸಿಕ್ಕಿತು. ಅಕ್ಕನ ಮೊದಲ ಪರಮಪ್ರಸಾದದ ಫೋಟೋದಲ್ಲಿ ಅವಳ ಹಿಂದೆ ಅರ್ಧ ಬಾಗಿಲು. ಚಿಕ್ಕಪ್ಪನ ಮದುವೆಯಲ್ಲಿ ಎರಡು ಕಂಬ. ತಾತನ ಕೊನೆಯ ಫೋಟೋದಲ್ಲಿ ಜಗಲಿಯ ಒಂದು ಮೂಲೆ. ಎಲ್ಲದರಲ್ಲೂ ಮನೆ ಇದೆ, ಯಾವುದರಲ್ಲೂ ಮನೆ ಇಲ್ಲ.

ಹದಿನೈದನೇ ದಿನವೋ ಏನೋ, ಒಂದು ಕವರಿನ ಮೇಲೆ ಅಪ್ಪನ ಅಕ್ಷರದಲ್ಲಿ 'ಸುಗ್ಗಿ 1969' ಎಂದಿತ್ತು. ರಾಗಿ ಒಕ್ಕಣೆಯ ಫೋಟೋ. ಎತ್ತುಗಳು ರೋಣಗಲ್ಲು ಎಳೆಯುತ್ತಿವೆ, ಹೆಂಗಸರು ಮೊರ ಹಿಡಿದು ತೂರುತ್ತಿದ್ದಾರೆ, ಮಕ್ಕಳು ಹುಲ್ಲಿನ ಮೆದೆಯ ಮೇಲೆ. ಎಲ್ಲರನ್ನೂ ಒಂದೇ ಫೋಟೋದಲ್ಲಿ ಸೇರಿಸಲೆಂದು ಅಪ್ಪ ಬಹಳ ದೂರ ಹಿಂದೆ ಸರಿದಿದ್ದರು, ಪ್ರಾಯಶಃ ಹೊಲದ ಬದುವಿನವರೆಗೆ. ಅವರೆಲ್ಲರ ಹಿಂದೆ, ಹುಣಸೆಮರದ ಪಕ್ಕ, ಉಗುರಿನಷ್ಟು ಚಿಕ್ಕದಾಗಿ, ನಮ್ಮ ಮನೆ. ಪೂರ್ತಿ ಮನೆ.

ನಾನು ಅಲ್ಲೇ ಕುಳಿತುಬಿಟ್ಟೆ.

ಬೆಂಗಳೂರಿಗೆ ಹೋಗಿ ನೆಗೆಟಿವ್ ಸ್ಕ್ಯಾನ್ ಮಾಡಿಸಿದೆ. ಕಣ, ಎತ್ತು, ಜನ ಎಲ್ಲವನ್ನೂ ಕತ್ತರಿಸಿ ತೆಗೆದು ಮನೆಯೊಂದನ್ನೇ ದೊಡ್ಡದು ಮಾಡಿಸಿದೆ. ಚುಕ್ಕಿ ಚುಕ್ಕಿಯಾಗಿ, ಸ್ವಲ್ಪ ಮಸುಕಾಗಿ ಬಂತು. ಆದರೂ ಚೆನ್ನಾಗಿತ್ತು. ಕಟ್ಟು ಹಾಕಿಸಿ ತಂದು ಅಮ್ಮನ ಕೈಗಿಟ್ಟೆ. ಅಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, "ಕಣ ಎಲ್ಲಿ?" ಅಂದಳು.

ಕತ್ತರಿಸಿದ್ದೇನೆ ಅಂದೆ. ಪೂರ್ತಿ ಫೋಟೋದ ಚಿಕ್ಕ ಪ್ರಿಂಟ್ ಜೇಬಿನಲ್ಲಿತ್ತು, ಕೊಟ್ಟೆ. ಅಮ್ಮನ ಬೆರಳು ಅದರ ಮೇಲೆ ನಿಧಾನವಾಗಿ ಓಡಾಡಿತು. ಇದು ನಿನ್ನ ಅಜ್ಜಿ. ಇವಳು ಪಕ್ಕದ ಮನೆಯವಳು, ಬಸುರಿ ಆಗ. ಈ ಎತ್ತು ಹಾಯ್ತಿತ್ತು. ಈ ಮೆದೆ ಮೇಲೆ ಕೂತಿರೋ ಚಡ್ಡಿ ಹುಡುಗ ನೀನೇ. ಇಲ್ಲಿ ಮೊರ ಹಿಡಿದು ಬೆನ್ನು ತಿರುಗಿಸಿ ನಿಂತಿರೋಳು ನಾನು. "ಇದನ್ನ ಹಾಕಿಸು ಮಗ. ಅದ್ರಲ್ಲಿ ಗೋಡೆ ಐತೆ. ಇದ್ರಲ್ಲಿ ಮನೆ ಐತೆ."

ಅಪ್ಪ ದಿಣ್ಣೆಯ ಮೇಲೆ ನಿಂತು ಹೇಳಿದ್ದ ಮಾತು ಐವತ್ತು ವರ್ಷಗಳ ನಂತರ ಅಮ್ಮನ ಬಾಯಲ್ಲಿ ಬಂತು. ಅವರಿಬ್ಬರೂ ಈ ವಿಷಯ ಮಾತಾಡಿಕೊಂಡವರಲ್ಲ.

ಅಂದು ನಾನು ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ಅಮ್ಮ, ಆ ಮನೆ ನಾನು ಮಾರಿಸಬಾರದಿತ್ತು." ಅಮ್ಮ ಫೋಟೋದಿಂದ ಕಣ್ಣೆತ್ತಲಿಲ್ಲ. "ನಾನೂ ಬೇಡ ಅನ್ನಲಿಲ್ವಲ್ಲ" ಅಂದಳು. ಅಷ್ಟೇ. ನನ್ನನ್ನು ಕ್ಷಮಿಸಿದಳೋ, ನನ್ನ ಭಾರದಲ್ಲಿ ಪಾಲು ತೆಗೆದುಕೊಂಡಳೋ ಎಂದು ನಾನು ಕೇಳಲಿಲ್ಲ.

ಪ್ರಿಯ ಓದುಗರೇ, ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಫಿಲ್ಮ್ ದಂಡ ಎನ್ನುವ ಮಾತಿಲ್ಲ. ನಿಮ್ಮ ತಾತನ ಮನೆಯೋ ತವರುಮನೆಯೋ ಇನ್ನೂ ನಿಂತಿದ್ದರೆ ಮುಂದಿನ ರಜೆಗೆ ಹೋದಾಗ ಒಂದು ಫೋಟೋ ತೆಗೆಯಿರಿ. ಮಳೆ ನಿಂತ ಮರುದಿನ ಆದರೆ ಒಳ್ಳೆಯದು, ದೂಳು ಅಡಗಿ ದೂರದ ಬೆಟ್ಟವೂ ನಿಚ್ಚಳವಾಗಿರುತ್ತದೆ. ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ, ಬೆಳಕು ಪಕ್ಕದಿಂದ ಬೀಳುವಾಗ ತೆಗೆಯಿರಿ. ಫೋನನ್ನು ಮೇಲಕ್ಕೆತ್ತಬೇಡಿ, ನೆಟ್ಟಗೆ ಹಿಡಿಯಿರಿ. ಮನೆ ಹಿಡಿಸದಿದ್ದರೆ ಹಿಂದಕ್ಕೆ ನಡೆಯಿರಿ. ಬಾವಿ, ಮರ, ದಾರಿ, ಹೊಲ ಬರುವವರೆಗೆ ನಡೆಯಿರಿ. ಮನೆಯವರಿಗೆ ಸಾಲಾಗಿ ನಿಲ್ಲಿ ಎನ್ನಬೇಡಿ. ಅವರವರ ಕೆಲಸದಲ್ಲಿ ಅವರು ಇರಲಿ. ಆಮೇಲೆ ಅದನ್ನು ಕಾಗದಕ್ಕೆ ಪ್ರಿಂಟ್ ಹಾಕಿಸಿ, ಹಿಂಭಾಗದಲ್ಲಿ ಪೆನ್ಸಿಲಿನಿಂದ ಊರು, ವರ್ಷ, ಇರುವವರ ಹೆಸರು ಬರೆದಿಡಿ.

ನಮ್ಮ ಗೋಡೆಯ ಆ ಮೊಳೆಯಲ್ಲಿ ಈಗ 'ಸುಗ್ಗಿ 1969' ಇದೆ. ಪಕ್ಕದಲ್ಲೇ ಅಪ್ಪನ ಇನ್ನೊಂದು ಫೋಟೋ ಹಾಕಿದ್ದೇನೆ. ರಾಗಿ ಹೊಲ, ಹುಲ್ಲುಹೊರೆಯ ಹೆಂಗಸು, ದೂರದಲ್ಲಿ ಬೆಂಕಿಪೊಟ್ಟಣದಷ್ಟು ದೊರೆಯ ಬಂಗಲೆ. ಸಂಜೆ ಜಪಸರ ಮುಗಿದ ಮೇಲೆ ಅಮ್ಮ ಎದ್ದು ಹೋಗಿ ಗೋಡೆಯ ಹತ್ತಿರ ನಿಲ್ಲುತ್ತಾಳೆ. ದೊರೆಯ ಮನೆಯ ಕಡೆ ನೋಡುವುದಿಲ್ಲ. ತನ್ನ ಕಣದಲ್ಲಿ ಇನ್ನೂ ಹೆಸರು ಹೊಳೆಯದ ಒಬ್ಬಳಿದ್ದಾಳಂತೆ. ಅವಳು ಯಾರು ಎಂದು ನೆನಪು ಮಾಡಿಕೊಳ್ಳುತ್ತಾ ನಿಂತಿರುತ್ತಾಳೆ.